ಒಗೆಯಬಾರದ ಕುರಿಮರಿ

"ಎಲ್ಲಾ ತೊಳಿಯಮ್ಮಾ, ನಾನು ಬೇಡ ಅನ್ನಲ್ಲ. ಆ ಬಟ್ಟೆ ಕುರಿಮರಿ ಒಂದನ್ನ ಮಾತ್ರ ಮುಟ್ಟಬೇಡ," ಎಂದಳು ಮಕೆರೇತಾ.

ಅರಿಯೇತಾ ರಬ್ಬರಿನ ಕೈಗವಸು ಏರಿಸಿಕೊಳ್ಳುತ್ತಾ ನಕ್ಕಳು. "ಯಾಕತ್ತೆ, ಕಚ್ಚುತ್ತಾ ಅದು?"

ಮುದುಕಿ ನಗಲಿಲ್ಲ. ಒಳಗೆ ಮಲಗಿದ್ದ ಮೊಮ್ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ವೀಕಾಳ ತಾಯಿಗೆ ಯಾರೋ ಮಾಟ ಮಾಡಿಸಿದ್ರು. ಅವಳನ್ನ ತಿಂದು ಮುಗಿಸಿ ಅದು ಮಗೂ ಹತ್ರ ಬಂತು. ಆಚೆ ದಡದ ಮಂತ್ರವಾದಿ ಮುದುಕ ಅದನ್ನ ಹಿಡಿದು ಕುರಿಮರಿ ಒಳಗೆ ಕೂರಿಸಿಕೊಟ್ಟ. ಮಗೂ ಎಂಜಲು ತಿಂದ್ಕೊಂಡು ಅಲ್ಲೇ ಮಲಗಿದೆ. ಎಂಜಲು ಹೋದ್ರೆ ಏಳುತ್ತೆ."

"ಅದರೊಳಗೆ ಮಲಗಿರೋದು ಕಜ್ಜಿಹುಳ, ಅತ್ತೆ. ಬಿಸಿನೀರು ಬಿದ್ರೆ ಅದೂ ಏಳಲ್ಲ."

"ಮಾತು ಕೊಡು."

"ಆಯ್ತು, ಮುಟ್ಟಲ್ಲ."

ಮಕೆರೇತಾ ಬುಟ್ಟಿ ಹೊತ್ತು ಕೆಸುವಿನ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು.

ಅರಿಯೇತಾ ರಾಜಧಾನಿ ಸುವಾದ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು. ಮಕೆರೇತಾಳ ಮಗ, ಹೆಂಡತಿ ತೀರಿಕೊಂಡಿದ್ದ ಇನೋಕೆಯನ್ನು ಮದುವೆಯಾಗಿ ಈ ದ್ವೀಪದ ಹಳ್ಳಿಗೆ ಬಂದು ಎರಡು ತಿಂಗಳಾಗಿತ್ತು, ಊರಿನ ಪುಟ್ಟ ಚಿಕಿತ್ಸಾಲಯವೂ ಅವಳ ಪಾಲಿಗೇ ಬಂದಿತ್ತು. ಮಕ್ಕಳಿಗೆಲ್ಲ ಕಜ್ಜಿ ಹತ್ತಿತ್ತು. ಬಟ್ಟೆ, ಚಾಪೆ, ಆಟದ ಸಾಮಾನು ಎಲ್ಲವನ್ನೂ ತೊಳೆಯಿರಿ ಎಂದು ಮನೆಮನೆಗೂ ಹೇಳಿ ಬಂದವಳ ಮನೆಯಲ್ಲೇ ಮಸಿ ಹಿಡಿದ ಕುರಿಮರಿ ಇದ್ದರೆ ಊರು ನಗುವುದಿಲ್ಲವೇ?

ಅದು ನೆಪ. ನಿಜ ಹೇಳಬೇಕೆಂದರೆ ಅವಳಿಗೆ ಆ ಕುರಿಮರಿಯ ಮೇಲೆ ಹೊಟ್ಟೆಕಿಚ್ಚು. ನಾಲ್ಕು ವರ್ಷದ ವೀಕಾ ಒಂದು ದಿನವೂ ಅವಳನ್ನು ಅಮ್ಮ ಎಂದು ಕರೆದಿರಲಿಲ್ಲ. ಏನಾದರೂ ಬೇಕಾದರೆ ಲಂಗ ಎಳೆಯುತ್ತಿದ್ದಳು, ಅಷ್ಟೇ. ಮಲಗುವಾಗ ಗೋಡೆಗೆ ಮುಖ ಮಾಡಿ, ಕುರಿಮರಿಯ ಕಿವಿ ಬಾಯಲ್ಲಿಟ್ಟು ಚೀಪುತ್ತಿದ್ದಳು. ಆ ಹಳೇ ವಾಸನೆ ಹೋದರೆ ಮಗು ತನ್ನ ಕಡೆ ತಿರುಗೀತು ಎಂದು ಅರಿಯೇತಾ ಆಸೆಪಟ್ಟಳು. ಪಾಪ, ಅದರಲ್ಲಿ ತಪ್ಪೇನೂ ಇರಲಿಲ್ಲ.

ಮೊದಲು ಪ್ಲಾಸ್ಟಿಕ್ಕಿನವು. ಆಕ್ಲೆಂಡಿನಲ್ಲಿದ್ದ ವೀಕಾಳ ಚಿಕ್ಕಮ್ಮ ಡ್ರಮ್ಮಿನಲ್ಲಿ ತುಂಬಿ ಕಳಿಸಿದ್ದ ಬಾತುಕೋಳಿಗಳು, ಲೋಟಗಳು, ಲಾರಿ. ಚಕ್ರದ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ಷು ಹಾಕಿ ಉಜ್ಜಿದಳು. ಬಾತುಕೋಳಿಗಳನ್ನು ಬ್ಲೀಚ್ ನೀರಿನಲ್ಲಿ ಮುಳುಗಿಸಿ ಹಿಂಡಿದಾಗ ಕರೀ ಬೂಷ್ಟು ಚೂರುಚೂರಾಗಿ ಚಿಮ್ಮಿತು. ತೊಳೆದದ್ದನ್ನೆಲ್ಲ ಅಂಗಳದ ತೊಟ್ಟಿಯಿಂದ ಬಾಗಿಲವರೆಗೆ ಹಾಸಿದ ಚಾಪೆಯ ಮೇಲೆ ಒಣಗಲು ಸಾಲಾಗಿ ಇಟ್ಟಳು. ಬಟ್ಟೆಯ ಕರಡಿಯನ್ನು ದಿಂಬಿನ ಚೀಲದಲ್ಲಿ ಕಟ್ಟಿ ಬಿಸಿನೀರಿಗೆ ಬಿಟ್ಟಳು.

ಆಮೇಲೆ ಒಳಗೆ ಹೋದಳು.

ಕಿಟಕಿ ಮುಚ್ಚಿದ್ದ ಕೋಣೆ ಹಗಲಲ್ಲೂ ಕತ್ತಲೆ. ಕೊಬ್ಬರಿ ಎಣ್ಣೆ, ಹುಳಿತ ಹಾಲು, ಹೊಗೆ ಸೇರಿದ ವಾಸನೆ. ಮಗು ಗಾಢ ನಿದ್ರೆಯಲ್ಲಿತ್ತು. ಅರಿಯೇತಾ ಮೆಲ್ಲಗೆ ಕಿವಿಯನ್ನು ಬಾಯಿಂದ ಎಳೆದಳು. ಎಂಜಲಿನ ಎಳೆಯೊಂದು ಉದ್ದಕ್ಕೂ ಬಂದು ಕಡಿಯಿತು. ಬಾಯಿ ಮಾತ್ರ ಸುಮ್ಮನೆ ಚೀಪುತ್ತಲೇ ಇತ್ತು.

ಕುರಿಮರಿ ಬ್ಲೀಚ್ ನೀರಿಗೆ ಬಿದ್ದೊಡನೆ ನೀರು ಕಪ್ಪಾಯಿತು. ಚೆಲ್ಲಿ ಬೇರೆ ತುಂಬಿದಳು. ಅದೂ ಕಪ್ಪು. ಮೂರನೆಯದೂ, ನಾಲ್ಕನೆಯದೂ ಹಾಗೆಯೇ. ಕಡಲ ಇಳಿತದ ಹೊತ್ತಿನಲ್ಲಿ ದಡದ ಕಾಂಡ್ಲಾ ಗಿಡಗಳ ಬುಡದಿಂದ ಏಳುವ ಕೆಸರಿನ ನಾತ ಅಂಗಳಕ್ಕೆಲ್ಲ ಹಬ್ಬಿತು. ತೊಟ್ಟಿಯ ತಳ ಕಾಣುತ್ತಿರಲಿಲ್ಲ, ತನ್ನ ಕೈಯೂ ಕಾಣುತ್ತಿರಲಿಲ್ಲ. ಹಟ ಬಿಡದೆ ಉಜ್ಜಿದಳು. ಏಳನೇ ಸಲ ನೀರು ಥಟ್ಟನೆ ತಿಳಿಯಾಯಿತು. ತುಂಬಾ ಹೊತ್ತು ಮಡಿಲಲ್ಲಿ ಮಲಗಿದ್ದ ಮಗು ಎದ್ದು ಹೋದಂತೆ ಕೈ ಹಗುರಾಯಿತು.

ಕುರಿಮರಿ ಹಾಲಿನಷ್ಟು ಬೆಳ್ಳಗಿತ್ತು. ಅರಿಯೇತಾಗೆ ಹೆಮ್ಮೆಯೇ ಆಯಿತು.

ಕುಂಯ್.

ತೊಟ್ಟಿಯ ಪಕ್ಕದ ಬಾತುಕೋಳಿ ಚಪ್ಪಟೆಯಾಗಿ, ಮತ್ತೆ ಉಬ್ಬಿತು. ಬಿಸಿಲಿಗೆ ಇರಬೇಕು ಎಂದುಕೊಂಡಳು.

ಕುಂಯ್. ಎರಡನೆಯದು.

ಗಾಳಿ ಇರಲಿಲ್ಲ. ಅಂಗಳದ ಕೋಳಿಗಳದ್ದೂ ಸದ್ದಿಲ್ಲ. ಮೂರನೆಯ ಬಾತುಕೋಳಿ ತಾನಾಗಿ ಕುಗ್ಗಿತು, ಮೇಲೆ ಯಾರೋ ಹೆಜ್ಜೆಯಿಟ್ಟ ಹಾಗೆ. ಆಮೇಲೆ ಲೋಟ ಚಟ್ಟೆಂದು ಸೀಳಿತು. ಲಾರಿ ಒಂದು ಗೇಣು ಉರುಳಿ ನಿಂತಿತು. ಹೆಜ್ಜೆಗಳ ಸಾಲು ಬಾಗಿಲ ಕಡೆಗೆ ಹೋಗುತ್ತಿತ್ತು.

"ಅತ್ತೇ," ಎಂದು ಕೂಗಿದಳು.

ಓಡಿದಳು. ಕುಂಯ್. ಹೊಸ್ತಿಲ ಬಳಿಯ ಕೊನೆಯ ಬಾತುಕೋಳಿ. ಅದನ್ನು ದಾಟಿ ಒಳಗೆ ಬಿದ್ದಳು. ಕತ್ತಲೆ. ಅದೇ ಕೆಸರಿನ ನಾತ. ವೀಕಾ ಕಣ್ಣು ತೆರೆದಿದ್ದಳು. ತುಟಿ ನೀಲಿ. ಎದೆ ಆಡುತ್ತಿರಲಿಲ್ಲ. ಬಾಯಿ ಮಾತ್ರ ಬರೀ ಗಾಳಿಯನ್ನು ಚೀಪುತ್ತಿತ್ತು.

ಕೈಯಲ್ಲಿದ್ದ ಕುರಿಮರಿಯನ್ನು ಬಾಯಿಗೆ ಒತ್ತಿದಳು. ಮಗು ಮುಖ ತಿರುಗಿಸಿತು. ಬ್ಲೀಚಿನ ವಾಸನೆಯ ಆ ಬಿಳೀ ಕುರಿಮರಿ ಅದಕ್ಕೆ ಗುರುತೇ ಇರಲಿಲ್ಲ. ಮೂಗು ಹಿಡಿದು ಉಸಿರು ಊದಿದಳು. ಹನ್ನೊಂದು ವರ್ಷ ಕಲಿತದ್ದೆಲ್ಲ ಮಾಡಿದಳು. ಊದಿದ ಉಸಿರು ಒಳಗೆ ಇಳಿಯಲಿಲ್ಲ. ಮಗುವಿನ ಎದೆಯ ಮೇಲೆ ಏನೋ ಕೂತಿತ್ತು. ಅಂಗಿ ಅಲ್ಲಿ ಗುಳಿಬಿದ್ದಿತ್ತು.

ಬಾಗಿಲಲ್ಲಿ ಮಕೆರೇತಾ. ಬುಟ್ಟಿ ಕೈಯಿಂದ ಜಾರಿತು. ಬೈಯಲಿಕ್ಕೂ ಅವಳಿಗೆ ಹೊತ್ತಿರಲಿಲ್ಲ. "ಅದಕ್ಕೆ ಮಲಗೋಕೆ ಜಾಗ ಬೇಕು. ಮಗೂ ಚೀಪೋದು ಏನಾದ್ರೂ ಕೊಡು. ಬೇಗ."

"ಏನು ಕೊಡ್ಲಿ?"

"ಕೊಟ್ಟರೆ ವಾಪಸ್ ಬರಲ್ಲ. ಯೋಚನೆ ಮಾಡಿ ಕೊಡು."

ಅರಿಯೇತಾ ಯೋಚನೆ ಮಾಡಲಿಲ್ಲ. ಎಡಗೈಯ ಗವಸು ಕಿತ್ತೆಸೆದಳು. ಹೆಬ್ಬೆರಳನ್ನು ಮಗುವಿನ ಬಾಯಿಗೆ ತುರುಕಿದಳು. ವೀಕಾ ಕಚ್ಚಿದಳು. ರಕ್ತ ಬಂತು. ಚೀಪಿದಳು. ತೋಳಿನೊಳಗೆ ಏನೋ ತಣ್ಣಗೆ ಹತ್ತಿ, ಮಣಿಕಟ್ಟಿಗೆ ಇಳಿದು, ಮಗ್ಗುಲು ಬದಲಿಸಿತು. ಮಗುವಿನ ಎದೆ ಮೇಲೆದ್ದಿತು. ಉಸಿರು ಬಂತು. ಅಳು ಬಂತು.

ಈಗ ಊರಿನ ಮಕ್ಕಳ ಕಜ್ಜಿಯೆಲ್ಲ ವಾಸಿಯಾಗಿದೆ. ಅರಿಯೇತಾಳ ನರ್ಸ್ ಕೆಲಸ ಹೋಗಿದೆ. ಮಸಿಗಟ್ಟಿ ಹುಳಿ ನಾರುವ ಆ ಎಡಗೈಯಿಂದ ಯಾರು ತಾನೇ ಸೂಜಿ ಚುಚ್ಚಿಸಿಕೊಂಡಾರು? ಅದನ್ನು ತೊಳೆಯುವಂತಿಲ್ಲ. ಒಮ್ಮೆ ಪಾತ್ರೆ ತಿಕ್ಕುವಾಗ ಅದಕ್ಕೆ ನೀರು ಸಿಡಿದು, ಆಡುತ್ತಿದ್ದ ವೀಕಾಳ ತುಟಿ ನೀಲಿಯಾಗಿತ್ತು. ಅಂದಿನಿಂದ ಸ್ನಾನಕ್ಕೆ ಹೋಗುವಾಗ ಇನೋಕೆ ತಾನೇ ಆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿಯುತ್ತಾನೆ.

ನಿನ್ನೆ ಮಧ್ಯಾಹ್ನ ವೀಕಾ ಎಂದಿನಂತೆ ಗೋಡೆಗೆ ಮುಖ ಮಾಡಿ ಮಲಗಿ, ಆ ಕೈಯನ್ನು ಎಳೆದುಕೊಂಡು ಹೆಬ್ಬೆರಳು ಬಾಯಲ್ಲಿಟ್ಟಳು. ಅರಿಯೇತಾ ತೋಳು ತಿರುಚಿಕೊಂಡು ಅವಳ ಬೆನ್ನ ಹಿಂದೆ ಕೂತಳು. ಸ್ವಲ್ಪ ಹೊತ್ತಿಗೆ ನಿದ್ದೆಗಣ್ಣಿನ ದನಿ ಕೇಳಿತು.

"ಅಮ್ಮಾ."

ಅರಿಯೇತಾಳ ಕಣ್ಣು ತುಂಬಿತು. ಬಗ್ಗಿ, "ಏನು ಕಂದಾ?" ಎಂದಳು.

ಮಗು ಸಿಡುಕಿನಿಂದ ಅವಳ ಮುಖವನ್ನು ಆಚೆ ತಳ್ಳಿತು. "ನಿನ್ನನ್ನಲ್ಲ," ಎಂದು ಕರೀ ಕೈಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿತು.

ಕೈ ಮೆಲ್ಲಗೆ ಬೆರಳು ಮಡಚಿ ಮಗುವಿನ ಕೆನ್ನೆ ಸವರಿತು. ಅರಿಯೇತಾ ಅದನ್ನು ಅಲ್ಲಾಡಿಸಿರಲಿಲ್ಲ.