ತೂಕಕ್ಕೆ ಸಿಗದ ಕೊಸರು

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಕೆಂಬಾರೆ ಎಂಬ ರಾಜ್ಯವಿತ್ತು. ರಾಜನಿದ್ದದ್ದು ಹೆಸರಿಗೆ, ಆಳುತ್ತಿದ್ದವನು ತಕ್ಕಡಿರಾಯನೆಂಬ ಮಾಂತ್ರಿಕ. ಯಾರೂ ಯಾರಿಗೂ ಏನನ್ನೂ ಸುಮ್ಮನೆ ಕೊಡಕೂಡದು ಎಂಬುದೊಂದೇ ಅವನ ಕಟ್ಟಳೆ. ಸಂತೆಯಲ್ಲಿ ಕೊಸರು ಹಾಕುವುದು ನಿಂತೇಹೋಯಿತು. ಅಳೆದ ಮೇಲೆ ಇನ್ನಿಷ್ಟು ಹಾಕಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು.

ಹಾಲು ಮಾರುವ ಹೊನ್ನಿ ಒಂದು ಬೆಳಿಗ್ಗೆ ಮುದುಕಿಯೊಬ್ಬಳ ಗಿಂಡಿಗೆ ಪಾವು ಹಾಲು ಅಳೆದಳು. ಹಳೇ ರೂಢಿ, ಕೊಸರಿಗೆಂದು ಕೈ ತಾನಾಗಿ ಬಾಗಿತು. ಬಾಗಿದ ಪಾವಿನ ಸಮೇತ ಕಲ್ಲಾದಳು. ತಕ್ಕಡಿರಾಯ ಆ ಕಲ್ಲನ್ನು ಕೋಟೆಗೆ ಸಾಗಿಸಿದ.

ಅವಳ ಅಣ್ಣ ಮಾಳಿಂಗ ಏಳೂರಿಗೆ ಹೆಸರಾದ ಜಟ್ಟಿ. ಹಾಗೆಂದು ಮೊದಲು ಹೇಳುವವನೂ ಅವನೇ. ತಂಗಿಯನ್ನು ಗೆದ್ದೇ ತರುತ್ತೇನೆ, ಯಾರ ಹಂಗೂ ಬೇಡ ಎಂದು ತೊಡೆ ತಟ್ಟಿ ಹೊರಟ. ದಾರಿಯಲ್ಲಿ ಅದೇ ಮುದುಕಿ ಸೌದೆ ಹೊರೆಯನ್ನು ತಲೆಗೆ ಎತ್ತಿಕೊಡು ಅಂದಳು. ಇದು ಹುಲಿ ಎತ್ತುವ ತೋಳು, ಪುಳ್ಳೆ ಎತ್ತೋದಲ್ಲ ಎಂದು ನಕ್ಕು ಮುಂದೆ ನಡೆದ.

ಕೋಟೆಯ ಮೊದಲ ಬಾಗಿಲಲ್ಲಿ ಮಾತಾಡುವ ಹುಲಿ.

"ಏನು ಕೊಟ್ಟು ಒಳಗೆ ಹೋಗ್ತೀಯ?"

"ಪಟ್ಟು ಕೊಡ್ತೀನಿ, ತಗೋ."

ಹುಲಿ ಮಣ್ಣು ಮುಕ್ಕಿ ತನ್ನ ಚಿನ್ನದ ಉಗುರನ್ನು ಕಳಚಿಕೊಟ್ಟಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. ಅದೂ ಅದನ್ನೇ ಕೇಳಿತು, ಇವನೂ ಅದನ್ನೇ ಕೊಟ್ಟ. ಹೆಡೆಗಳನ್ನು ಜಡೆಯಂತೆ ಹೆಣೆದು ಗಂಟು ಹಾಕಿ, ಮಣಿ ಕಿತ್ತುಕೊಂಡ.

ಮೂರನೆಯ ಬಾಗಿಲ ಒಳಗೆ ಮನೆಯಷ್ಟು ದೊಡ್ಡ ತಕ್ಕಡಿ. ಒಂದು ತಟ್ಟೆಯಲ್ಲಿ ಕಲ್ಲಾದ ಹೊನ್ನಿ, ಪಕ್ಕದಲ್ಲಿ ತಕ್ಕಡಿರಾಯ.

"ಏನು ಕೊಟ್ಟು ಒಯ್ತೀಯ?"

ಮಾಳಿಂಗ ಉಗುರು ಇಟ್ಟ, ಮಣಿ ಇಟ್ಟ, ಗೆದ್ದ ಕಡಗಗಳನ್ನೆಲ್ಲ ಬಿಚ್ಚಿಟ್ಟ. ಕೊನೆಗೆ ತಾನೇ ಹತ್ತಿ ಕೂತ. ತಟ್ಟೆ ಅಲುಗಲಿಲ್ಲ. ಹೊತ್ತು ಮುಳುಗಿದರೆ ಇವಳು ಎಂದೆಂದಿಗೂ ಕಲ್ಲೇ ಎಂದು ಮಾಂತ್ರಿಕ ನಕ್ಕ. ಜಟ್ಟಿಯ ಕಣ್ಣಲ್ಲಿ ನೀರಾಡಿತು.

ಆಗ ತೆರೆದ ಬಾಗಿಲುಗಳನ್ನು ದಾಟಿ ಮುದುಕಿ ಕುಂಟುತ್ತಾ ಬಂದಳು. ಗಿಂಡಿಯ ಹಾಲನ್ನೆಲ್ಲ ಅವನ ತಟ್ಟೆಗೆ ಸುರಿದಳು. ತಟ್ಟೆ ಇಳಿಯತೊಡಗಿತು, ಮುದುಕಿಯ ಬೆರಳುಗಳು ಕಲ್ಲಾಗತೊಡಗಿದವು.

"ನಿನ್ನ ಹೊರೇನೂ ಎತ್ತಲಿಲ್ಲ ನಾನು. ಯಾಕಜ್ಜಿ?"

"ಯಾಕೂ ಇಲ್ಲ ಕಣೋ. ಕೊಸರು."

ತಕ್ಕಡಿರಾಯನ ದನಿ ಬೆಣ್ಣೆಯಾಯಿತು. "ಇಂಥಾ ಜಟ್ಟಿ ಮುದುಕಿ ಮುಂದೆ ಕೈಯೊಡ್ಡೋದಾ? ಅದಕ್ಕೊಂದು ಬೆಲೆ ಹೇಳಿಬಿಡು, ನಿನ್ನ ಮಾನ ಉಳಿಯುತ್ತೆ."

ಮಾಳಿಂಗನಿಗೆ ಮಾನವೆಂದರೆ ಪ್ರಾಣ. ಹೇಳಲು ಬಾಯಿ ತೆರೆದ. ಎದುರಿಗೆ ತಂಗಿಯ ಬಾಗಿದ ಪಾವು ಕಂಡಿತು.

"ಹೇಳಲ್ಲ," ಅಂದ. "ಇದು ನಾನು ಗೆದ್ದದ್ದಲ್ಲ. ನನ್ನ ಯೋಗ್ಯತೆಗೆ ಸಿಕ್ಕಿದ್ದೂ ಅಲ್ಲ. ಸುಮ್ಮನೆ ಕೊಟ್ಟಳು, ಸುಮ್ಮನೆ ತಗೋತೀನಿ. ಅದೇನು ಮಾಡ್ಕೋತೀಯೋ ಮಾಡ್ಕೋ."

ಬೆಲೆಯಿಲ್ಲದ್ದನ್ನು ತೂಗಲಾರದೆ ತಕ್ಕಡಿಯ ಕೋಲು ಲಟಕ್ಕನೆ ಮುರಿಯಿತು. ಜೊತೆಗೇ ಮಾಂತ್ರಿಕನೂ ಹಿಟ್ಟಾಗಿ ಉದುರಿದ. ಮುದುಕಿಯ ಬೆರಳು ಮೆತ್ತಗಾದವು. ಹೊನ್ನಿಯ ಪಾವಿನಲ್ಲಿ ಅಂದು ತಡೆದಿದ್ದ ಹಾಲು ಜಾರಿ ಗಿಂಡಿಗೆ ಬಿತ್ತು. ರಾಜ್ಯದ ಕಲ್ಲುಗಳೆಲ್ಲ ಮೈಮುರಿದು ಮನುಷ್ಯರಾಗಿ ಮನೆಗೆ ಹೋದವು.

ಆಮೇಲೆ ಕೆಂಬಾರೆಯಲ್ಲಿ ಅಳತೆ ಮುಗಿದರೂ ಕೊಡುವ ಕೈ ನಿಲ್ಲಲಿಲ್ಲ; ಹುಲಿ, ಹಾವುಗಳೂ ಸುಖವಾಗಿದ್ದವು. ಮಾಳಿಂಗ ಮಾತ್ರ ಜಂಬ ಬಿಟ್ಟನೆಂದುಕೊಳ್ಳಬೇಡಿ. ಹುಲಿ ಕೆಡವಿದ ಕತೆ ಹೇಳುತ್ತಲೇ ಮುದುಕಿಯ ಸೌದೆ ಹೊರುತ್ತಿದ್ದ. ಆವತ್ತಿನ ಹಾಲಿಗೆ ಬದಲಾ ಎಂದು ಯಾರಾದರೂ ಕೇಳಿದರೆ ಮೀಸೆ ತಿರುವುತ್ತಿದ್ದ.

"ಬದಲು ಗಿದಲು ಏನಿಲ್ಲ. ಇದು ನನ್ನ ಕೊಸರು."