ಬೆರಳಷ್ಟು ಸಡಿಲ

ತಾರೀಕು 14, ಸೋಮವಾರ, ಬೆಳಿಗ್ಗೆ 10.20. ಇನ್‌ಸ್ಪೆಕ್ಟರ್ ಒದ್ದೆ ಕಾಲುಚೀಲ ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ಬರಿಗಾಲನ್ನು ಮೇಜಿನಡಿ ಬಚ್ಚಿಟ್ಟುಕೊಂಡು ಕೂತಿದ್ದಾಗ ದೂರು ಬಂತು. ಸಮುದ್ರಕ್ಕೂ ದಟ್ಟ ಕಾಡಿಗೂ ನಡುವೆ ಸಿಕ್ಕಿಕೊಂಡ ಊರು ಅದು. ವರ್ಷಕ್ಕೆ ಒಂಬತ್ತು ತಿಂಗಳು ಆಕಾಶದಿಂದ ಮಳೆ, ಉಳಿದ ಮೂರು ತಿಂಗಳು ಮರದಿಂದ ಹನಿ. ಕಾಲುಚೀಲ ಒಣಗಿಸಿಕೊಳ್ಳುವ ಭಾಗ್ಯ ಪೊಲೀಸರಿಗಂತೂ ಇಲ್ಲ.

ದೂರು ತಂದವನು ದೋಣಿ ನಿಲ್ದಾಣದಲ್ಲಿ ಟಿಕೆಟ್ ಕೊಡುವವನು. ಅವನ ಎಂಟು ವರ್ಷದ ಮಗಳು ಶುಕ್ರವಾರ ಶಾಲೆಯವರ ಜೊತೆ ಕಾಡಂಚಿನ ಶಿಬಿರಕ್ಕೆ ಹೋಗಿದ್ದಳು. ಮಕ್ಕಳಿಗೆ ಮರ, ಹಕ್ಕಿ, ಅಣಬೆ ತೋರಿಸಿ ಸಂಜೆಗೆ ವಾಪಸ್ ಕಳಿಸುವ ಕಾರ್ಯಕ್ರಮ ಅದು; ಎಲ್ಲರ ಬಾಯಲ್ಲಿ ‘ಕಾಡುಪಾಠ’. ಹದಿನಾಲ್ಕು ಮಕ್ಕಳ ಗುಂಪು ದಾರಿ ತಪ್ಪಿತು. ಈ ಹುಡುಗಿ ಕುಸಿದ ಇಳಿಜಾರಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು.

“ಆ ಟೀಚರನ್ನ ಒಳಗೆ ಹಾಕಿ ಸಾರ್,” ಎಂದ ತಂದೆ. ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು. “ರಿಬ್ಬನ್ ಕಟ್ಟಿರೋ ದಾರೀಲಿ ಹೋಗೋದಕ್ಕೂ ಬರಲ್ವಾ ಅವರಿಗೆ?”

ನಿರ್ಲಕ್ಷ್ಯದಿಂದ ಗಾಯ ಉಂಟುಮಾಡಿದ ಆರೋಪದಡಿ FIR ದಾಖಲಾಯಿತು. ಮಧ್ಯಾಹ್ನ 12.15ಕ್ಕೆ ಟೀಚರ್ ತಾನಾಗಿಯೇ ಠಾಣೆಗೆ ಬಂದಳು. ಇಪ್ಪತ್ತೇಳು ವರ್ಷ, ಕೈಯಲ್ಲೆಲ್ಲ ಮುಳ್ಳಿನ ಗೀರು. ಶಾಲೆಯವರು ಆಗಲೇ ಅಮಾನತು ಮಾಡಿದ್ದರು. ಚಾರ್ಜ್‌ಶೀಟಿನಲ್ಲಿ ಹೆಸರು ಬಂದರೆ ಕೆಲಸವೇ ಹೋಗುತ್ತದೆ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

“ರಿಬ್ಬನ್ ಬಿಟ್ಟು ಯಾಕೆ ಹೋದ್ರಿ?”

“ತಪ್ಪಾಯ್ತು ಸರ್.”

“ತಪ್ಪಾಯ್ತು ಅನ್ನೋದು ಉತ್ತರ ಅಲ್ಲ. ಯಾಕೆ ಹೋದ್ರಿ?”

“ಗಮನ ಇರ್ಲಿಲ್ಲ. ಹಾಗೇ ಬರ್ಕೊಳ್ಳಿ, ಸಹಿ ಹಾಕ್ತೀನಿ.”

ಅವಳು ಹೋದ ಮೇಲೆ ಇನ್‌ಸ್ಪೆಕ್ಟರ್ ಹಣೆ ಉಜ್ಜಿಕೊಂಡರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಅವರು ಕಂಡಿರಲಿಲ್ಲ. ಕೈಗೆ ಸಿಕ್ಕಿಬಿದ್ದ ಕಳ್ಳನೂ ಎರಡು ಸುಳ್ಳು ಹೇಳಿಯೇ ದಾರಿಗೆ ಬರುತ್ತಾನೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಿದೆ ಸಾರ್,” ಎಂದಳು ಮುಖ್ಯಪೇದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಂಗಸು. ಬಾಯಿಗೆ ಬೀಗ ಹಾಕುವ ವಯಸ್ಸು ದಾಟಿದ್ದಳು.

“ಬರೆ ಹಾಕ್ಲಿ ಕಣಮ್ಮ. ಎಮ್ಮೆನೇ ಬಂದು ಬೆನ್ನು ಕೊಡ್ತಿದೆಯಲ್ಲ, ಅದು ಯಾಕೆ?”

ಮಂಗಳವಾರ ಸಂಜೆ 4.30ಕ್ಕೆ ಇಬ್ಬರೂ ಆಸ್ಪತ್ರೆಗೆ ಹೋದರು. ಹುಡುಗಿಯ ಕಾಲನ್ನು ತೂಗುಹಾಕಿದ್ದರು. ಮುಖ ಬಾಡಿತ್ತು, ಮಾತು ಮಾತ್ರ ಚುರುಕು.

“ಮೇಡಂ ದಾರಿ ತಪ್ಪಲಿಲ್ಲ. ನೀಲಿ ರಿಬ್ಬನ್ ಎಣಿಸ್ತಾ ಹೋದ್ವಿ. ಹತ್ತನೇದು ನಾನೇ ಮೊದಲು ನೋಡಿದ್ದು. ಹನ್ನೊಂದನೇದೂ ನಾನೇ ನೋಡ್ಬೇಕು ಅಂತ ಓಡ್ದೆ. ನೆಲಾನೇ ಇರ್ಲಿಲ್ಲ.”

“ಇದನ್ನ ಅಪ್ಪನಿಗೆ ಹೇಳಿದ್ಯಾ?”

“ಅಪ್ಪ ಕೇಳ್ಲಿಲ್ಲ. ಬರೀ ಅಳ್ತಾರೆ.”

ತಾರೀಕು 16, ಬುಧವಾರ, ಬೆಳಿಗ್ಗೆ 9.00. ಅಂಚೆಯವನನ್ನೂ ಬಲೆ ಮಾರುವ ಅಂಗಡಿಯವನನ್ನೂ ಪಂಚರಾಗಿ ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು. ಶಿಬಿರದಿಂದ ಮುನ್ನೂರು ಹೆಜ್ಜೆಗೆ ಒಂದು ಮರ ಅಡ್ಡ ಬಿದ್ದಿತ್ತು. ಅಲ್ಲಿ ದಾರಿ ಎರಡಾಗುತ್ತಿತ್ತು. ಬಲಕ್ಕೆ ಈಗಿನ ಗಿಡ್ಡ ದಾರಿ, ಮರಮರಕ್ಕೂ ನೀಲಿ ರಿಬ್ಬನ್. ಎಡಕ್ಕೆ ಮುಚ್ಚಿಹೋದ ಹಳೆ ದಾರಿ, ರಿಬ್ಬನ್ ಇಲ್ಲ. ಆದರೆ ಎಂಟು ಮರಗಳ ಕಾಂಡದ ಸುತ್ತ ಪಾಚಿ ತೆಳ್ಳಗೆ ಉಜ್ಜಿಹೋಗಿತ್ತು.

ಒಂಬತ್ತನೇ ಮರದ ಬುಡದಲ್ಲಿ ಮಗುವಿನ ಒಂದು ಶೂ ಬಿದ್ದಿತ್ತು; ಹುಡುಗಿಯನ್ನು ಎತ್ತಿ ತರುವಾಗ ಕಳಚಿದ್ದಿರಬೇಕು. ಆ ಮರದಲ್ಲೂ ಹತ್ತನೆಯದರಲ್ಲೂ ರಿಬ್ಬನ್ ಹಾಗೆಯೇ ಇತ್ತು. ಅಲ್ಲಿಂದ ನಾಲ್ಕು ಹೆಜ್ಜೆಗೆ, ಜರಿಗಿಡಗಳ ಮರೆಯಲ್ಲಿ, ಗುಡ್ಡ ಕುಸಿದು ಬಾಯಿ ತೆರೆದುಕೊಂಡಿತ್ತು. ಹಳೆಯ ಕುಸಿತ, ಬೇರುಗಳಲ್ಲಿ ಆಗಲೇ ಹೊಸ ಚಿಗುರು.

ಮುಖ್ಯಪೇದೆ ರಿಬ್ಬನ್ನಿನೊಳಗೆ ಬೆರಳು ತೂರಿಸಿದಳು. “ಸಾರ್, ಇಲ್ನೋಡಿ. ಸರಿಯಾಗಿ ಒಂದು ಬೆರಳಿನ ಸಡಿಲ. ಹತ್ತನೇದರಲ್ಲೂ ಅಷ್ಟೇ. ಈ ಕಡೆ ಗಿಡ್ಡ ದಾರೀದು ನೋಡಿದ್ರಲ್ಲ, ಉಗುರೂ ಹೋಗಲ್ಲ.”

ಗಂಟು ಬಿಚ್ಚದೆ ರಿಬ್ಬನ್ ಕತ್ತರಿಸಿ, ಲಕೋಟೆಯಲ್ಲಿ ಹಾಕಿ, ಅರಗು ಹಚ್ಚಿ ಪಂಚರ ಸಹಿ ಪಡೆದರು. ಅಷ್ಟರಲ್ಲಿ ಅಂಚೆಯವನಿಗೆ ಏಳು ಇಂಬಳ ಹತ್ತಿದ್ದವು. ಸರಕಾರಿ ಕೆಲಸಕ್ಕೆ ರಕ್ತ ಕೊಟ್ಟವನು ನಾನೊಬ್ಬನೇ ಎಂದು ದಾರಿಯುದ್ದಕ್ಕೂ ಗೊಣಗಿದ.

ಶಿಬಿರದ ವ್ಯವಸ್ಥಾಪಕ ಸಭ್ಯ ಮನುಷ್ಯ. ಪ್ರತಿ ಪ್ರಶ್ನೆಗೂ ಒಂದು ಫೈಲು ತೆಗೆಯುತ್ತಿದ್ದ.

“ಮಕ್ಕಳ ಜೊತೆ ನಿಮ್ಮ ಮಾರ್ಗದರ್ಶಕರು ಇರ್ಲಿಲ್ವಾ?”

“ಎರಡು ಗುಂಪಿಗೆ ಒಬ್ಬರು. ಅವರು ಇನ್ನೊಂದು ಗುಂಪಿನ ಜೊತೆ ಕಡಲ ಹತ್ರ ಇದ್ರು. ಟೀಚರ್ ಕೈಗೆ ನಕ್ಷೆ ಕೊಟ್ಟಿದ್ವಿ. ಅರ್ಧ ಕಿಲೋಮೀಟರ್, ಇಪ್ಪತ್ತು ನಿಮಿಷ. ವಿಮೆಯವರು ಒಪ್ಪೋದೇ ಅಷ್ಟಕ್ಕೆ.”

“ರಿಬ್ಬನ್ ಸಡಿಲ ಬಿಟ್ಟು ಕಟ್ಟೋರು ಯಾರು?”

“ಈಗ ಯಾರೂ ಇಲ್ಲ. ಮರ ದಪ್ಪ ಆಗುತ್ತೆ, ಅದಕ್ಕೂ ಜಾಗ ಬೇಕು ಅಂತ ಹಿಂದೆ ಕಟ್ತಾ ಇದ್ರು. ಹಳೇ ಕಾಲದವರ ಹುಚ್ಚು.”

ಅಡುಗೆಯವಳು ಚಹಾ ತಂದಿಟ್ಟಳು. ಅರವತ್ತು ದಾಟಿದ ಹೆಂಗಸು, ಒಂದು ಕೈ ಮಂಡಿಯ ಮೇಲೆ. “ಮಗು ಹೇಗಿದೆ?” ಎಂದು ಕೇಳಿದಳು. ಆಪರೇಷನ್ ಆಯಿತು, ನಡೆಯುತ್ತಾಳೆ ಎಂದಳು ಮುಖ್ಯಪೇದೆ. ಹೆಂಗಸು ತಲೆಯಾಡಿಸಿ ಒಳಗೆ ಹೋದಳು.

ಸಂಜೆ 6.10ಕ್ಕೆ ಟೀಚರನ್ನು ಮತ್ತೆ ಕರೆಸಿದರು. ಇನ್‌ಸ್ಪೆಕ್ಟರ್ ಮೊಹರಾದ ಲಕೋಟೆಯನ್ನು ಮೇಜಿನ ಮೇಲಿಟ್ಟು, ಪಂಚನಾಮೆಯ ಫೋಟೊ ಮುಂದೆ ಸರಿಸಿದರು. ರಿಬ್ಬನ್ನಿನೊಳಗೆ ಮುಖ್ಯಪೇದೆಯ ಬೆರಳು. ಟೀಚರ್ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

“ಇದು ಯಾರ ಕೈಕೆಲಸ?”

ಅವಳು ಫೋಟೊವನ್ನು ಮಗುಚಿಟ್ಟಳು.

“ನಿಮ್ಮ ಕೆಲಸ ಹೋಗುತ್ತೆ, ಗೊತ್ತಲ್ಲ?”

“ಗೊತ್ತು.”

“ಗೊತ್ತಿದ್ದೂ ಸುಳ್ಳು ಹೇಳಿದ್ರಿ. ನೋಡಿ, ನನಗೆ ಸಾಕಾಗಿದೆ. ನಾಳೆ ಅಲ್ಲಿ ಕೆಲಸ ಮಾಡೋ ಒಬ್ಬೊಬ್ಬರ ಕೈಲೂ ಗಂಟು ಹಾಕಿಸ್ತೀನಿ. ಹೇಗೂ ಗೊತ್ತಾಗುತ್ತೆ.”

ಆಗ ಅವಳು ಅತ್ತಳು. ಅತ್ತುಕೊಂಡೇ ಹೇಳಿದಳು.

“ಒಂಬತ್ತು ವರ್ಷ ಇದ್ದಾಗ ನಾನೂ ಆ ಶಿಬಿರಕ್ಕೆ ಹೋಗಿದ್ದೆ ಸರ್. ಅಡುಗೆ ಮಾಡ್ತಾರಲ್ಲ ದೊಡ್ಡಮ್ಮ, ಆಗ ಅವರೇ ಮಾರ್ಗದರ್ಶಕಿ. ನಾವೆಲ್ಲ ದೊಡ್ಡಮ್ಮ ಅಂತಲೇ ಕರೀತಿದ್ವಿ. ನನಗೆ ಕತ್ತಲೆ ಅಂದ್ರೆ ಭಯ. ಆ ದಾರೀಲಿ ಕೈ ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋದ್ರು. ನಾನು ಟೀಚರ್ ಆಗಿದ್ದೇ ಆ ದಿನದಿಂದ. ಶುಕ್ರವಾರ ಮೊದಲನೇ ಮರದಲ್ಲೇ ಗೊತ್ತಾಯ್ತು. ನಕ್ಷೆ ಬಲಕ್ಕೆ ಅಂತಿತ್ತು, ರಿಬ್ಬನ್ ಎಡಕ್ಕೆ. ಬೆರಳು ತೂರಿಸಿ ನೋಡ್ದೆ. ದೊಡ್ಡಮ್ಮನ ಗಂಟು ಅಂದ್ಮೇಲೆ ಇನ್ನೇನು ಭಯ ಅಂತ ನಕ್ಷೆ ಮಡಚಿ ಜೇಬಿಗೆ ಹಾಕ್ಕೊಂಡೆ. ಆ ತಪ್ಪು ನಂದೇ ಅಲ್ವಾ?”

ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡರು. ಹೇಳಿಕೆಯನ್ನು ಓದಿಹೇಳಿ ಸಹಿ ಹಾಕಿಸಿಕೊಂಡರು.

ತಾರೀಕು 17, ಗುರುವಾರ, ಬೆಳಿಗ್ಗೆ 7.40. ಶಿಬಿರದ ಅಡುಗೆಮನೆಯಲ್ಲಿ ದೊಡ್ಡಮ್ಮ ಕಿಟಕಿಯ ಪಕ್ಕ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಪೊಲೀಸರನ್ನು ಕಂಡು ಚಾಕು ಕೆಳಗಿಟ್ಟಳು.

“ರಿಬ್ಬನ್ ನೀವೇ ಕಟ್ಟಿದ್ದಾ?”

“ಹೂಂ. ಗುರುವಾರ ಸಂಜೆ. ಗಿಡ್ಡ ದಾರೀದು ಮೊದಲಿನ ಹತ್ತು ಬಿಚ್ಚಿ ಹಳೇ ದಾರಿಗೆ ಕಟ್ದೆ. ಹತ್ತನೇ ಮರದವರೆಗೆ ಮಂಡಿ ತಡೀತು. ಅಲ್ಲಿಂದ ಮೇಲಕ್ಕೆ ಒಂದೇ ದಾರಿ, ರಿಬ್ಬನ್ ಬೇಕಿಲ್ಲ ಅಂದ್ಕೊಂಡೆ.”

“ಕುಸಿದಿದ್ದು ನೋಡ್ಲಿಲ್ವಾ?”

“ಮೂರು ವರ್ಷ ಆಯ್ತು ಆ ದಾರಿ ತುಳಿದು. ನನ್ನ ಕಣ್ಣಿನ ಮುಂದೆ ಹಳೇ ಕಾಡೇ ಇತ್ತು ಸಾಹೇಬ್ರೇ.”

ಮೂರು ವರ್ಷದ ಹಿಂದೆ ಮಾರ್ಗದರ್ಶಕರಿಗೆ ಸರ್ಟಿಫಿಕೇಟು ಕಡ್ಡಾಯವಾಯಿತು. ಇಪ್ಪತ್ತೆರಡು ವರ್ಷ ಕಾಡು ತೋರಿಸಿದವಳು ಅಡುಗೆಮನೆಗೆ ಬಂದಳು. ಅದನ್ನೂ ನುಂಗಿಕೊಂಡಿದ್ದಳು. ಆದರೆ ಹಿಂದಿನ ವಾರ ಊಟದ ಮೇಜಿನಲ್ಲಿ ಒಬ್ಬ ಪುಟ್ಟ ಹುಡುಗಿ “ಕಾಡು ಅಂದ್ರೆ ಇಷ್ಟೇನಾ?” ಎಂದು ಕೇಳಿದಳಂತೆ. ಅದು ಇವಳ ಗಂಟಲಲ್ಲಿ ಸಿಕ್ಕಿಕೊಂಡಿತು.

“ಮೇಲೆ ಒಂದು ಜಾಗ ಇದೆ. ಮರ ಮುಗಿದು ಒಂದೇ ಸಲ ಸಮುದ್ರ ಕಾಣುತ್ತೆ. ದಿನಾ ಸಮುದ್ರ ನೋಡೋ ಮಕ್ಕಳೂ ಅಲ್ಲಿ ಬಾಯಿ ಬಿಡ್ತಾವೆ. ಒಂದೇ ಒಂದು ಸಲ ತೋರಿಸ್ಬೇಕು ಅನ್ನಿಸ್ತು. ಶುಕ್ರವಾರ ಆ ಕಡೆ ರಸ್ತೆಯಿಂದ, ಶಿಬಿರಕ್ಕೆ ಬ್ರೆಡ್ ತರೋ ವ್ಯಾನಲ್ಲಿ ಹೋಗಿ ಬಿಸಿ ಹಾಲಿಟ್ಕೊಂಡು ಕಾದೆ. ಎರಡು ಗಂಟೆ ಕಾದೆ. ಯಾರೂ ಬರ್ಲಿಲ್ಲ.”

“ಆಮೇಲೆ ರಿಬ್ಬನ್ ಬಿಚ್ಚಿದ್ರಿ.”

“ಮಾರನೇ ದಿನ. ಎಂಟು ಬಿಚ್ಚಿ ಗಿಡ್ಡ ದಾರಿಗೇ ವಾಪಸ್ ಕಟ್ದೆ, ನನ್ನ ಗಂಟು ಅಂತ ಗೊತ್ತಾಗದ ಹಾಗೆ ಬಿಗಿಯಾಗಿ. ಒಂಬತ್ತನೇ ಮರದ ಹತ್ರ ಆ ಮಗುವಿನ ಶೂ ಇತ್ತು. ಮುಂದಕ್ಕೆ ಕಾಲೇ ಏಳ್ಲಿಲ್ಲ.”

“ಟೀಚರ್ ತಲೆ ಮೇಲೆ ಬಂತು, ಆದ್ರೂ ಬಾಯಿ ಬಿಡ್ಲಿಲ್ಲ ನೀವು.”

“ಇಲ್ಲಿಂದ ಓಡಿಸಿದ್ರೆ ಈ ಕಿಟಕಿಯಿಂದ ಕಾಡು ನೋಡೋದೂ ತಪ್ಪುತ್ತೆ ಅನ್ನೋ ಭಯ. ಸ್ವಾರ್ಥ ಸಾಹೇಬ್ರೇ, ಇನ್ನೇನೂ ಅಲ್ಲ.” ಚಾಕುವನ್ನು ಪಕ್ಕಕ್ಕೆ ಸರಿಸಿ ಕೇಳಿದಳು: “ರಿಬ್ಬನ್ ಇತ್ತು ಅಂತ ಆ ಟೀಚರ್ ಹೇಳ್ಬಹುದಿತ್ತಲ್ಲ. ಯಾಕೆ ಹೇಳ್ಲಿಲ್ಲ?”

ಇನ್‌ಸ್ಪೆಕ್ಟರ್ ಮುಖ್ಯಪೇದೆಯ ಕಡೆ ನೋಡಿದರು. ಇಂಥದ್ದನ್ನು ಹೇಳುವ ಕೆಲಸ ಯಾವಾಗಲೂ ಅವಳ ಪಾಲಿಗೇ ಬರುತ್ತಿತ್ತು. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಒಂಬತ್ತು ವರ್ಷದ ಹುಡುಗಿ, ಕತ್ತಲೆಯ ಭಯ, ಹಿಡಿದ ಕೈ, ಮಡಚಿದ ನಕ್ಷೆ.

ದೊಡ್ಡಮ್ಮ ಬೆರಳು ಮಡಚುತ್ತ ವರ್ಷಗಳನ್ನು ಎಣಿಸಿದಳು. ಅಲ್ಲಿಯವರೆಗೆ ಒಣಗಿದ್ದ ಕಣ್ಣು ತುಂಬಿತು.

“ವರ್ಷಕ್ಕೆ ಮುನ್ನೂರು ಮಕ್ಕಳು ಬರ್ತಿದ್ರು,” ಎಂದಳು. “ಯಾವ ಮಗು ಅಂತ ನೆನಪಾಗ್ತಿಲ್ವಲ್ಲಮ್ಮ ನನಗೆ.”

ಬೆಳಿಗ್ಗೆ 8.25ಕ್ಕೆ ದಸ್ತಗಿರಿ. ವ್ಯವಸ್ಥಾಪಕನಿಗೂ ನೋಟಿಸ್ ಕೊಟ್ಟರು. ಅವನು ಅದನ್ನೂ ಒಂದು ಫೈಲಿಗೆ ಸೇರಿಸಿದ. ಟೀಚರ್ ಹೆಸರು ಆರೋಪಿಗಳ ಪಟ್ಟಿಯಿಂದ ಸಾಕ್ಷಿಗಳ ಪಟ್ಟಿಗೆ ಹೋಯಿತು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ಇನ್‌ಸ್ಪೆಕ್ಟರ್ ಮೂರು ಸಲ ಹೊಡೆದುಹಾಕಿ, ಕೊನೆಗೆ ‘ದ್ವೇಷವಿಲ್ಲ, ಲಾಭವಿಲ್ಲ, ಮಕ್ಕಳಿಗೆ ಕಾಡು ತೋರಿಸುವ ಆಸೆ’ ಎಂದು ಬರೆದರು. ನ್ಯಾಯಾಲಯ ಇದನ್ನು ಒಪ್ಪುತ್ತದೋ ಇಲ್ಲವೋ, ಅವರಿಗೆ ಬೇರೆ ಮಾತು ಸಿಗಲಿಲ್ಲ.

ಜೀಪು ಠಾಣೆ ತಲುಪಿತು. ಇಳಿಯುವಾಗ ದೊಡ್ಡಮ್ಮ ಮುಖ್ಯಪೇದೆಯ ತೋಳು ಹಿಡಿದು ಕೇಳಿದಳು.

“ಚಿಕ್ಕವಳಿದ್ದಾಗ ಆ ಹುಡುಗಿ ಸಾಲಿನಲ್ಲಿ ಮುಂದೆ ನಿಲ್ತಿದ್ಲಂತಾ, ಹಿಂದೆ ನಿಲ್ತಿದ್ಲಂತಾ? ಕೇಳಿ ಹೇಳ್ತೀಯಾ ತಾಯಿ? ಅಷ್ಟು ಗೊತ್ತಾದ್ರೆ ನೆನಪಾಗಬಹುದು.”

ಕೇಳಿ ಹೇಳ್ತೀನಿ ಎಂದಳು ಮುಖ್ಯಪೇದೆ.