ಕಾರ್ಡಿನಲ್ಲಿ ಇಲ್ಲದ ಹಲ್ಲು

"ಬಾಯಿ ತೆರೀರಿ."

ಹಲ್ಲಿನ ಡಾಕ್ಟರು ನೆವೀನ್ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು.

ಕುರ್ಚಿಯಲ್ಲಿ ಒರಗಿದ್ದವನು ಶಾಕಿರ್ ಫರ್ಹಾತ್! ಉಗುರಿನ ಸಂದಿಯಲ್ಲಿ ಅದೇ ಮರದ ಪುಡಿ... ಕಣ್ಣಲ್ಲಿ ಮಾತ್ರ ಹಳೆಯ ನಗು ಇರಲಿಲ್ಲ.

"ಹಲ್ಲು ನೋಯ್ತಿದೆ, ಬೇಗ ಮಾಡಿ ಡಾಕ್ಟ್ರಮ್ಮ. ಸಂಜೆ ಬಸ್ಸಿಗೆ ಹುರ್ಗಾದಾಕ್ಕೆ ಹೊರಡ್ತೀನಿ. ಇನ್ನು ಈ ದುಮ್ಯಾತ್ ಊರ ಕಡೆ ತಲೆ ಹಾಕಲ್ಲ. ಬಡಗಿ ಬಾಯಿಗೆ ಕೈ ಹಾಕಿದ್ರೆ ನಿಮ್ಮ ಕೈಗೂ ಧೂಳು."

"ಗ್ಲೌಸ್ ಹಾಕ್ಕೊಂಡಿದೀನಿ," ಎಂದಳು. ಎದೆಗೆ ಹಾಕಿಕೊಳ್ಳಲು ಏನಿತ್ತು?

'ಹುರ್ಗಾದಾದ ಹೋಟೆಲಿನ ಬಾಗಿಲುಗಳನ್ನು ಕೆತ್ತಿ ಮುಗಿಸಿ ಬಂದು ನಿಮ್ಮಪ್ಪನ ಹತ್ರ ಕೇಳ್ತೀನಿ' ಎಂದು ಹೋದವನು. ಅವಳು ರಜೆಯಲ್ಲಿದ್ದ ದಿನ ಗುಟ್ಟಾಗಿ ಬಂದು, ಇದೇ ಕ್ಲಿನಿಕ್ಕಿನಲ್ಲಿ ಅವಳ ಡಾಕ್ಟರ್ ಚಿಕ್ಕಪ್ಪನ ಕೈಲಿ ಹಲ್ಲು ಕೀಳಿಸಿಕೊಂಡು ಹೋಗಿದ್ದನಂತೆ. ಕ್ಲಿನಿಕ್ಕಿನ ಅವನ ಕಾರ್ಡಿನಲ್ಲಿ ಹೊಸದಾಗಿ ಬರೆದಿತ್ತು... ವಿವಾಹಿತ!

ಅಂದಿನಿಂದ ಅವನ ಫೋನು ಎತ್ತಲಿಲ್ಲ ನೆವೀನ್. ಅಜ್ಜಿ ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಣಿಯಲ್ಲಿದ್ದ ಹಾಗೆ, ಅವಳ ಜೀವ ಆ ಹಳದಿ ಕಾರ್ಡಿನಲ್ಲಿ ಸೆರೆಯಾಗಿತ್ತು.

ಕೈ ಹಚ್ಚುವ ಮೊದಲು ಪ್ರತಿ ಹಲ್ಲನ್ನೂ ಕಾರ್ಡಿಗೆ ಹೋಲಿಸಬೇಕು. ಸಹಾಯಕಿ ಉಮ್ಮ್ ರಮ್ಜಿ ಕನ್ನಡಕ ಏರಿಸಿ ಓದತೊಡಗಿದಳು.

"ಕೆಳಗಡೆ ಬಲಕ್ಕೆ, ಎರಡನೇ ದವಡೆ ಹಲ್ಲು... ಕಿತ್ತಿದೆ."

ನೆವೀನಳ ಕೈಯ ಪುಟ್ಟ ಕನ್ನಡಿ ಅಲ್ಲೇ ನಿಂತಿತು.

ಹಲ್ಲು ಅಲ್ಲೇ ಇತ್ತು! ಗಟ್ಟಿಯಾಗಿ, ಬೆಳ್ಳಗೆ...

"ಉಮ್ಮ್ ರಮ್ಜಿ, ಕಿತ್ತ ಹಲ್ಲು ಮತ್ತೆ ಹುಟ್ಟುತ್ತಾ?"

"ಹುಟ್ಟೋದಾದ್ರೆ ಕ್ಯೂನಲ್ಲಿ ನಾನೇ ಮೊದಲು ನಿಲ್ತಿದ್ದೆ ತಾಯಿ!"

ಶಾಕಿರ್ ಎದ್ದು ಕುಳಿತ. "ಕೀಳಿಸಿದ್ದು ನಾನಲ್ಲ, ನಮ್ಮ ದೊಡ್ಡಪ್ಪನ ಮಗ. ಅವನೂ ಶಾಕಿರ್ ಫರ್ಹಾತೇ, ಇಬ್ಬರಿಗೂ ತಾತನ ಹೆಸರು. ಪಾಪ, ಮದುವೆಯಾದ ವಾರವೇ ಕೆನ್ನೆ ಊದಿಸ್ಕೊಂಡು ಕೂತಿದ್ದ."

ಉಮ್ಮ್ ರಮ್ಜಿ ಹಣೆ ಚಚ್ಚಿಕೊಂಡಳು. "ನಿನ್ನ ಕಾರ್ಡಲ್ಲೇ ಅವನದ್ದೂ ಬರೆದುಬಿಟ್ಟೆನಲ್ಲಪ್ಪಾ! ತಾಯಿ ಹೆಸರು ಕೇಳಿದ್ರೆ ಗೊತ್ತಾಗ್ತಿತ್ತು. ಆದ್ರೆ ಯಾವ ಗಂಡಸು ಹೇಳ್ತಾನೆ? ನಾಲ್ಕು ಜನರ ಮುಂದೆ ಅಮ್ಮನ ಹೆಸರೆತ್ತಿದ್ರೆ ಇವರ ಮಾನ ಹೋಗುತ್ತಲ್ಲ! ಕಾರ್ಡಲ್ಲಿ ಆ ಜಾಗ ಖಾಲಿ ಬಿಡೋದೇ ರೂಢಿ ಆಗೋಯ್ತು." ಇಬ್ಬರ ಮುಖವನ್ನೂ ನೋಡಿ, "ಚಹಾ ಇಡ್ತೀನಿ..." ಎಂದು ಮೆಲ್ಲಗೆ ಜಾರಿಕೊಂಡಳು.

ನೆವೀನ್ ಕನ್ನಡಿಯನ್ನು ಕೆಳಗಿಟ್ಟಳು.

"ನಿಂಗೆ ಮದುವೆ ಆಗಿದೆ ಅಂದ್ಕೊಂಡೆ ಶಾಕಿರ್..."

"ಅದಕ್ಕಾ ಫೋನ್ ಎತ್ತಲಿಲ್ಲ? ಡಾಕ್ಟ್ರಿಗೆ ಬಡಗಿ ಸಾಕಾದ ಅಂತ ನಾನು..." ಅವನು ಕುರ್ಚಿಯಿಂದ ಕಾಲು ಕೆಳಗಿಳಿಸಿದ. "ಒಂದು ಮಾತು ಕೇಳಬಾರದಿತ್ತಾ ಹುಡುಗಿ?"

"ಕೇಳಬೇಕಿತ್ತು. ಹೆದರಿದೆ... ನೀನು ಹೌದು ಅಂದುಬಿಟ್ರೆ ಅಂತ!"

ಮಾಸ್ಕ್ ಒದ್ದೆಯಾಗುತ್ತಿತ್ತು. ಅವಳು ಗ್ಲೌಸ್ ಕಳಚಿ, ಹೊಸ ಕಾರ್ಡ್ ತೆಗೆದಳು.

"ತಾಯಿಯ ಹೆಸರು?"

ಅವನು ಬಾಗಿಲತ್ತ ನೋಡಿದ. "ಹೊರಗಿನವರಿಗೆ ಹೇಳಲ್ಲ."

"ಮನೆಯವರಿಗೆ?"

ಶಾಕಿರ್ ಬಾಗಿ ಅವಳ ಕಿವಿಯಲ್ಲಿ ಉಸುರಿದ. ಆ ಹೆಸರು ಬೆಚ್ಚಗೆ ಅವಳೊಳಗೆ ಇಳಿಯಿತು.

"ಬಸ್ಸು?" ಎಂದಳು, ತಲೆ ಎತ್ತದೆ.

"ಹೋಗಲಿ ಬಿಡು. ಅಷ್ಟು ನಿಧಾನಕ್ಕೆ ಏನು ಬರೀತಿದೀಯ?"

"ಸುಮ್ನಿರು... ಅತ್ತೆ ಹೆಸರು. ತಪ್ಪಿಲ್ಲದೆ ಬರೀಬೇಕು ನಾನು."